ನಾಪೋಕ್ಲಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ಟಿಕೆಟ್‌ನಲ್ಲಿ ಎರಡೂವರೆ ಗಂಟೆ, ಅವ್ವನಿಗೆ ಯಾವ ಲೆಕ್ಕ ಹೇಳಲಿ?

ನಾಪೋಕ್ಲು ತೋಟ | 4 ನವೆಂಬರ್ 2023, ರಾತ್ರಿ 8.10

ಎಲ್ಲರಿಗೂ ನಮಸ್ಕಾರ. ಮಗಳು ಸ್ಯಾನ್ ಹೋಸೆಯಲ್ಲಿದ್ದಾಳೆ. ಹೋದ ತಿಂಗಳು ಹೆರಿಗೆ ಆಯಿತು. ನಮ್ಮ ಅವ್ವನಿಗೆ ಈಗ 76. ಮರಿಮಗುವನ್ನು ಎತ್ತಿಕೊಳ್ಳಲೇಬೇಕು ಅಂತ ಹಟ ಹಿಡಿದು ಕೂತಿದ್ದಾರೆ. ವೀಸಾ ಇದೆ. ಜನವರಿ ಮೊದಲ ವಾರ ನಾನೇ ಕರೆದುಕೊಂಡು ಹೋಗಬೇಕು. ರೊಬಸ್ಟಾ ಕಾಫಿ ಕೊಯ್ಲು ಶುರುವಾಗುವ ಹೊತ್ತು, ತಮ್ಮ ನೋಡಿಕೊಳ್ಳುತ್ತೇನೆ ಅಂದಿದ್ದಾನೆ.

ನಾನು ಇದುವರೆಗೆ ವಿಮಾನದಲ್ಲಿ ದೆಹಲಿ ದಾಟಿ ಹೋದವನಲ್ಲ. ಕೂತು ನೋಡಿದರೆ ಒಂದಕ್ಕೊಂದು ತಾಳೆ ಆಗುತ್ತಿಲ್ಲ.

ಬೆಂಗಳೂರಿನಿಂದ ನೇರ ವಿಮಾನ ಮಧ್ಯಾಹ್ನ 2.30ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ಇಳಿಯುತ್ತದೆ ಅಂತ ತೋರಿಸುತ್ತದೆ. ಅವ್ವನಿಗೆ ಓದಿ ಹೇಳಿದೆ. "ಎರಡೂವರೆ ಗಂಟೆಯಾ? ಮಡಿಕೇರಿಯಿಂದ ಮೈಸೂರಿಗೆ ಹೋಗಲಿಕ್ಕೂ ಅಷ್ಟು ಬೇಕಲ್ಲ" ಅಂದರು. ನಾನು ನಕ್ಕೆ, ಆದರೆ ವಿವರಿಸೋಕೆ ಬರಲಿಲ್ಲ.

ದೂರ ಹುಡುಕಿದರೆ ಒಂದು ಕಡೆ 13,990, ಇನ್ನೊಂದು ಕಡೆ 8,690, ಮತ್ತೊಂದು ಕಡೆ 7,550. ದುಬೈ ಮೇಲೆ ಹೋದರೆ 22 ಗಂಟೆ. ವಿರಾಜಪೇಟೆಯ ಬಾವ ಫೋನ್ ಮಾಡಿ, ಕಣ್ಣೂರು ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವಾಗ ಬೆಂಗಳೂರು ಯಾಕೆ ಅಂತ ಬೈದರು.

ನಿಜವಾಗಿ ಎಷ್ಟು ದೂರ, ಎಷ್ಟು ಹೊತ್ತು? ಅವ್ವನ ಮಂಡಿಗೆ ಯಾವುದು ಒಳ್ಳೆಯದು? ಗೊತ್ತಿದ್ದವರು ಹೇಳಿ.

---

ಕುಶಾಲನಗರದಿಂದ ಬೇ ಏರಿಯಾ | 4 ನವೆಂಬರ್, ರಾತ್ರಿ 9.25

ಅಣ್ಣ, ಸಂಜೆ 5 ಅಂದರೆ ಅಲ್ಲಿಯ 5, ನಮ್ಮ 5 ಅಲ್ಲ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಯಾವ ಕಂಪನಿಯ ಟಿಕೆಟ್ ಆದರೂ ಹೀಗೇ.

ಜನವರಿಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ 13 ಗಂಟೆ 30 ನಿಮಿಷ ಹಿಂದೆ ಇರುತ್ತದೆ. ಅಲ್ಲಿ ಸಂಜೆ 5 ಆದಾಗ ನಾಪೋಕ್ಲಿನಲ್ಲಿ ಮರುದಿನ ಬೆಳಗ್ಗೆ 6.30. ಮಧ್ಯಾಹ್ನ 2.30ರಿಂದ ಮರುದಿನ 6.30, ಅಲ್ಲಿಗೆ 16 ಗಂಟೆ ಆಯಿತಲ್ಲ? ಅದೇ ನಿಜವಾದ ಲೆಕ್ಕ.

ಇನ್ನೊಂದು ತಮಾಷೆ. ಇವತ್ತು ನಮಗೂ ನಿಮಗೂ ಇರುವ ವ್ಯತ್ಯಾಸ ಹನ್ನೆರಡೂವರೆ ಗಂಟೆ. ನಾಳೆ ಭಾನುವಾರ ಬೆಳಗಿನ ಜಾವ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ. ನಾಳೆಯಿಂದ ಹದಿಮೂರೂವರೆ. ಮಾರ್ಚ್‌ನಲ್ಲಿ ಮತ್ತೆ ಮುಂದೆ. ಮಗಳು ದಿನಾ ಫೋನ್ ಮಾಡುವ ಹೊತ್ತು ನಾಳೆಯಿಂದ ಒಂದು ಗಂಟೆ ಆಚೀಚೆ ಆದರೆ ಗಾಬರಿ ಆಗಬೇಡಿ.

---

ಸುಂಟಿಕೊಪ್ಪ ಹುಡುಗ | 4 ನವೆಂಬರ್, ರಾತ್ರಿ 9.40

ನನಗೊಂದು ಹಳೇ ಡೌಟು. ಭೂಮಿ ಹೇಗೂ ತಿರುಗುತ್ತಾ ಇದೆ. ವಿಮಾನ ಮೇಲೆ ಹೋಗಿ ಸುಮ್ನೆ ನಿಂತರೆ ಸಾಕಲ್ಲ, ಅಮೆರಿಕವೇ ಕೆಳಗೆ ಬರುತ್ತದೆ. ಡೀಸೆಲ್ ಯಾಕೆ ಸುಡಬೇಕು?

---

ಸೋಮವಾರಪೇಟೆ ಮೇಷ್ಟ್ರು | 5 ನವೆಂಬರ್, ಬೆಳಗ್ಗೆ 6.50

ಹುಡುಗನಿಗೆ ಮೊದಲು. ಬಾಗಿಲು ಮುಚ್ಚಿದ ಬಸ್ಸು ಓಡುತ್ತಿರುವಾಗ ಒಳಗೆ ನಿಂತು ಒಂದು ಕಿತ್ತಳೆ ಮೇಲೆ ಎಸೆ. ನಿನ್ನ ಕೈಗೇ ಬೀಳುತ್ತದೆ, ಹಿಂದಿನ ಸೀಟಿನವನ ತಲೆಗಲ್ಲ. ಭೂಮಿ ತಿರುಗುವಾಗ ಗಾಳಿಯನ್ನೂ ಜೊತೆಗೆ ಕರೆದುಕೊಂಡೇ ತಿರುಗುತ್ತದೆ. ವಿಮಾನ ತೇಲುವುದು ಆ ಗಾಳಿಯಲ್ಲಿ. ಹಾಗಾಗಿ ಮೇಲೆ ನಿಂತರೆ ಬೆಂಗಳೂರಿನ ಮೇಲೇ ನಿಂತಿರುತ್ತದೆ. ಮತ್ತೆ, ಅದು ಡೀಸೆಲ್ ಅಲ್ಲ, ಸೀಮೆಎಣ್ಣೆಯ ಜಾತಿಯದು.

ಈಗ ನಾಪೋಕ್ಲಿನವರಿಗೆ. 13,990 ಕಿಲೋಮೀಟರ್, 8,690 ಮೈಲಿ, 7,550 ನಾಟಿಕಲ್ ಮೈಲಿ. ಮೂರೂ ಒಂದೇ ದೂರ. ಕಾಫಿಯನ್ನು ಚೀಲದಲ್ಲೂ ಹೇಳುತ್ತೇವೆ, ಕಿಲೋದಲ್ಲೂ ಹೇಳುತ್ತೇವೆ, ಟನ್ನಿನಲ್ಲೂ ಹೇಳುತ್ತೇವೆ ಅಲ್ವಾ, ಹಾಗೆ. ಹಡಗಿನವರಿಗೂ ವಿಮಾನದವರಿಗೂ ನಾಟಿಕಲ್ ಮೈಲಿಯೇ ರೂಢಿ. ಅದು 1.852 ಕಿಲೋಮೀಟರ್. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ಸುಮಾರು ಅಷ್ಟು ಬರುತ್ತದೆ.

ಆದರೆ ಆ 13,990 ಯಾವ ದಾರಿಯದು ಅಂತ ಗೋಡೆಯ ನಕ್ಷೆ ನೋಡಿದರೆ ತಿಳಿಯುವುದಿಲ್ಲ. ನಕ್ಷೆ ಉರುಟಾದ ಭೂಮಿಯನ್ನು ಹಿಗ್ಗಿಸಿ ಚಪ್ಪಟೆ ಮಾಡಿದ್ದು. ಶಾಲೆಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು. ಹಾಗಾಗಿ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಹತ್ತಿರದ ದಾರಿ ಆಗುವುದಿಲ್ಲ.

ಒಂದು ಕಿತ್ತಳೆ ತೆಗೆದುಕೊಳ್ಳಿ. ನಾಗಪುರದ್ದಾದರೂ ಪರವಾಗಿಲ್ಲ, ನಮ್ಮದು ಈಗ ಎಲ್ಲಿ ಸಿಗುತ್ತದೆ! ತೊಟ್ಟಿನ ತುದಿ ಉತ್ತರ ಧ್ರುವ. ನಡು ಭೂಮಧ್ಯ ರೇಖೆ. ನಡುವಿಗಿಂತ ಸ್ವಲ್ಪ ಮೇಲೆ ಒಂದು ಲವಂಗ ಚುಚ್ಚಿ. ಅದು ಬೆಂಗಳೂರು, 13 ಡಿಗ್ರಿ ಉತ್ತರ. ಹಣ್ಣನ್ನು ಅರ್ಧಕ್ಕೆ ಸ್ವಲ್ಪ ಕಡಿಮೆ ತಿರುಗಿಸಿ, ನಡುವಿಗೂ ತೊಟ್ಟಿಗೂ ಮಧ್ಯೆ ಇನ್ನೊಂದು ಲವಂಗ. ಅದು ಸ್ಯಾನ್ ಫ್ರಾನ್ಸಿಸ್ಕೋ, ಸುಮಾರು 38 ಡಿಗ್ರಿ. ಎರಡಕ್ಕೂ ದಾರ ಕಟ್ಟಿ ಬಿಗಿಯಾಗಿ ಎಳೆಯಿರಿ. ದಾರ ಪಕ್ಕದಿಂದ ಹೋಗುವುದಿಲ್ಲ. ಮೇಲೆ ಹತ್ತಿ ತೊಟ್ಟಿನ ಹತ್ತಿರ ಹಾದು ಇಳಿಯುತ್ತದೆ.

ಲೆಕ್ಕ ಹಾಕಿದರೆ ಆ ದಾರ ಟಿಬೆಟ್, ಮಂಗೋಲಿಯಾ ದಾಟಿ, ಸೈಬೀರಿಯಾದ ಉತ್ತರ ಕರಾವಳಿಯಲ್ಲಿ 71 ಡಿಗ್ರಿ ಮುಟ್ಟಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಅಮೆರಿಕ ಪಶ್ಚಿಮದಲ್ಲಿದೆ ಅಂತ ನಾವು ಅರಬ್ಬೀ ಸಮುದ್ರದ ಕಡೆ ಮುಖ ಮಾಡುತ್ತೇವೆ. ಹತ್ತಿರದ ದಾರಿ ಹೊರಡುವುದು ನೆಟ್ಟಗೆ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು. 35 ವರ್ಷ ಪಾಠ ಮಾಡಿದ್ದೇನೆ, ಮಕ್ಕಳು ಇದನ್ನು ಒಪ್ಪಿಕೊಂಡಿದ್ದು ಕಿತ್ತಳೆ ನೋಡಿದ ಮೇಲೆಯೇ.

---

ನಾಪೋಕ್ಲು ತೋಟ | 5 ನವೆಂಬರ್, ಮಧ್ಯಾಹ್ನ 1.15

ಮೇಷ್ಟ್ರೇ, ಮಾಡಿ ನೋಡಿದೆ. ದಾರ ನಿಜವಾಗಿಯೂ ತೊಟ್ಟಿನ ಹತ್ತಿರ ಹೋಯಿತು. ಫೋಟೋ ತೆಗೆಯುವಷ್ಟರಲ್ಲಿ ಅವ್ವ ಲವಂಗ ಕಿತ್ತು ಬಾಯಿಗೆ ಹಾಕಿಕೊಂಡು ಹಣ್ಣು ಸುಲಿದಾಗಿತ್ತು.

ಇನ್ನೊಂದು ಕೇಳಬೇಕು. ವಿಮಾನದ ವೇಗ ಗಂಟೆಗೆ 900 ಅಂತಾರೆ. 13,990 ಭಾಗಿಸು 900, ಹದಿನೈದೂವರೆ ಗಂಟೆ. ಹೋಗುವಾಗ 16 ಅನ್ನೋದು ಸರಿ ಇದೆ. ಬರುವಾಗಿನ ಟಿಕೆಟ್ ನೋಡಿದರೆ ಶನಿವಾರ ರಾತ್ರಿ 8.30ಕ್ಕೆ ಹೊರಟು ಸೋಮವಾರ ಬೆಳಗಿನ ಜಾವ 3.45ಕ್ಕೆ ಇಳಿಯುತ್ತದೆ. ವ್ಯತ್ಯಾಸ ಕಳೆದರೆ 17 ಗಂಟೆ 45 ನಿಮಿಷ. ಅದೇ ಎರಡು ಊರು, ಅದೇ ವಿಮಾನ. ದಾರಿ ಬರುವಾಗ ಉದ್ದ ಆಗುತ್ತದಾ?

---

ಮಾಜಿ ವಾಯುಪಡೆ, ಪೊನ್ನಂಪೇಟೆ | 5 ನವೆಂಬರ್, ಸಂಜೆ 4.30

ಒಳ್ಳೆಯ ಪ್ರಶ್ನೆ. ನಾನು ಐಎಲ್-76 ಸಾಗಣೆ ವಿಮಾನಗಳಲ್ಲಿ ಕೆಲಸ ಮಾಡಿದವನು. ನನಗೆ ತಿಳಿದಷ್ಟು ಹೇಳುತ್ತೇನೆ.

ದುಬಾರೆಯಲ್ಲಿ ಹೊಳೆ ಜೊತೆ ಇಳಿಯುವ ರಾಫ್ಟ್‌ಗೆ ಹುಟ್ಟು ಹಾಕುವ ಕೆಲಸವೇ ಇಲ್ಲ. ಅದೇ ರಾಫ್ಟನ್ನು ಮೇಲಕ್ಕೆ ತನ್ನಿ ನೋಡೋಣ! ಆಕಾಶದಲ್ಲೂ ಅಂಥ ಹೊಳೆ ಉಂಟು. ಹೆಸರು ಜೆಟ್ ಸ್ಟ್ರೀಮ್. ವಿಮಾನಗಳು ಹಾರುವ 10, 12 ಕಿಲೋಮೀಟರ್ ಎತ್ತರದಲ್ಲೇ ಅದು ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಜೋರು. ಜಪಾನಿನ ಮೇಲೆ ಗಂಟೆಗೆ 200, 300 ಕಿಲೋಮೀಟರ್ ಆಗುವುದುಂಟು.

900 ಅನ್ನುವುದು ಗಾಳಿಯೊಳಗಿನ ವೇಗ. ದಾರಿಯುದ್ದಕ್ಕೂ ಸರಾಸರಿ 100 ಬೆನ್ನಿಗೆ ಬಂದರೆ ನೆಲದ ಲೆಕ್ಕಕ್ಕೆ 1,000 ಆಯಿತು. 14,000 ಕಿಲೋಮೀಟರಿಗೆ 14 ಗಂಟೆ. ಅದೇ 100 ಎದುರಿಗೆ ಬಂದರೆ 800, ಹದಿನೇಳೂವರೆ ಗಂಟೆ. ದೂರ ಅಷ್ಟೇ, ಗಾಳಿ ಮೂರೂವರೆ ಗಂಟೆ ತಿಂದಿತು.

ಅದಕ್ಕೇ ವಿಮಾನಗಳು ಮೇಷ್ಟ್ರ ದಾರದ ಮೇಲೇ ಹೋಗುವುದಿಲ್ಲ. ದಿನಾ ಗಾಳಿ ನೋಡಿ ದಾರಿ ಹಾಕುತ್ತಾರೆ. ಬೆಂಗಳೂರಿನಿಂದ ಹೋಗುವಾಗ ಪೂರ್ವಕ್ಕೆ ತಿರುಗಿ, ಪೆಸಿಫಿಕ್ ಮೇಲೆ ಆ ಹೊಳೆ ಹಿಡಿದರೆ ಕಿಲೋಮೀಟರ್ ಜಾಸ್ತಿ ಆದರೂ ಹೊತ್ತು ಕಡಿಮೆ. ಬರುವಾಗ ಅದೇ ಹೊಳೆಗೆ ಎದುರು ಈಜುವ ಬದಲು ಉತ್ತರಕ್ಕೆ ಹತ್ತಿ ಧ್ರುವದ ಕಡೆಯಿಂದ ಇಳಿಯುತ್ತಾರೆ. ಏರ್ ಇಂಡಿಯಾ ಈ ದಾರಿಯ ಮೊದಲ ಹಾರಾಟವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ 2021ರ ಜನವರಿ 9ರ ರಾತ್ರಿ ಹೊರಡಿಸಿತು. ಬೆಂಗಳೂರಿಗೆ ಇಳಿದದ್ದು 11ರ ಬೆಳಗಿನ ಜಾವ. ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಇನ್ನು ಮೂವರು, ನಾಲ್ಕೂ ಜನ ಹೆಂಗಸರು. ಉತ್ತರ ಧ್ರುವದ ಮೇಲಿಂದಲೇ ಬಂದರು. ಆಗ ಸುದ್ದಿಗಳಲ್ಲಿ 13,993 ಕಿಲೋಮೀಟರ್ ಅಂತಲೂ ಬಂತು, ಸುಮಾರು 16,000 ಅಂತಲೂ ಬಂತು. ಮೊದಲನೆಯದು ದಾರದ ಲೆಕ್ಕ.

ದಾರ ಟಿಬೆಟ್ ಮೇಲೆ ಹೋಗುತ್ತದೆ ಅಂದರಲ್ಲ ಮೇಷ್ಟ್ರು. ಅಲ್ಲಿ ಇನ್ನೊಂದು ತೊಡಕು. ಒಳಗಿನ ಗಾಳಿಯ ಒತ್ತಡ ಹೋದರೆ ವಿಮಾನ ಕೂಡಲೇ 10,000 ಅಡಿಗೆ, ಅಂದರೆ ಸುಮಾರು 3 ಕಿಲೋಮೀಟರಿಗೆ ಇಳಿಯಬೇಕು. ಮುಖಕ್ಕೆ ಹಾಕುವ ಆಮ್ಲಜನಕ ಪ್ರಯಾಣಿಕರಿಗೆ ಸಾಕಾಗುವುದು ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು. ಟಿಬೆಟ್‌ನ ನೆಲವೇ ನಾಲ್ಕೂವರೆ ಕಿಲೋಮೀಟರ್ ಎತ್ತರ. ಇಳಿಯುವುದು ಎಲ್ಲಿಗೆ? ಹಾಗಾಗಿ ಹೆಚ್ಚಿನವರು ಅದನ್ನು ಸುತ್ತಿ ಹೋಗುತ್ತಾರೆ.

ಟಿಕೆಟ್‌ನ ಗಂಟೆಯಲ್ಲಿ ಹಾರಾಟ ಮಾತ್ರ ಇರುವುದಿಲ್ಲ. ಇಲ್ಲಿ ನಿಂತ ಜಾಗ ಬಿಟ್ಟಲ್ಲಿಂದ ಅಲ್ಲಿ ನಿಲ್ಲುವ ತನಕ. ರನ್‌ವೇವರೆಗೆ ಉರುಳುವುದು, ಸಾಲಿನಲ್ಲಿ ಕಾಯುವುದು ಎಲ್ಲ ಸೇರಿದೆ. ಸ್ವಲ್ಪ ಹೊತ್ತು ಜಾಸ್ತಿ ಸೇರಿಸಿಯೇ ಬರೆದಿರುತ್ತಾರೆ. ತಡವಾಗಿ ಹೊರಟ ವಿಮಾನವೂ ಕೆಲವೊಮ್ಮೆ ಸಮಯಕ್ಕೆ ಮುಟ್ಟುವುದು ಅದಕ್ಕೇ.

---

ಕುಟ್ಟದವಳು | 5 ನವೆಂಬರ್, ಸಂಜೆ 6.05

ಅಷ್ಟು ದೂರ ನಿಲ್ಲಿಸದೆ ಹೋಗಲು ಎಷ್ಟು ಎಣ್ಣೆ ಬೇಕು ಸರ್? ಮತ್ತೆ ಆ ಹಿಮದ ಮೇಲೆ ಎಂಜಿನ್ ಕೈಕೊಟ್ಟರೆ? ಕೇಳಬಾರದು, ಆದರೂ ಕೇಳಿದೆ.

---

ಮಾಜಿ ವಾಯುಪಡೆ, ಪೊನ್ನಂಪೇಟೆ | 5 ನವೆಂಬರ್, ಸಂಜೆ 6.40

ಕೇಳಬೇಕಾದ್ದೇ ಅಮ್ಮ. ಈ ದಾರಿಗೆ ಬಂದ ಬೋಯಿಂಗ್ 777-200ಎಲ್‌ಆರ್‌ನಲ್ಲಿ 1.8 ಲಕ್ಷ ಲೀಟರ್ ಹಿಡಿಯುತ್ತದೆ. ನಮ್ಮ ಬಂಕ್‌ಗಳಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲಾರಿ 15 ಬೇಕು. ಅಷ್ಟು ಭಾರ ಎತ್ತಲು ಉದ್ದ ರನ್‌ವೇ ಬೇಕು. ಬೆಂಗಳೂರಿನ ರನ್‌ವೇ 4,000 ಮೀಟರ್ ಇದೆ. ಆದರೆ ಊರು ಸಮುದ್ರಕ್ಕಿಂತ ಸುಮಾರು 915 ಮೀಟರ್ ಎತ್ತರ. ಗಾಳಿ ತೆಳು, ರೆಕ್ಕೆಗೆ ಹಿಡಿತ ಕಡಿಮೆ. ಬಿಸಿಲಿದ್ದರೆ ಇನ್ನೂ ಕಡಿಮೆ. ಮೈಸೂರಿನ ಮಂಡಕಳ್ಳಿಯಿಂದ ಯಾಕೆ ಬಿಡುವುದಿಲ್ಲ ಅಂತ ಕೇಳುವವರಿಗೆ ಇಲ್ಲೇ ಉತ್ತರ ಇದೆ. ಅಲ್ಲಿಯ ರನ್‌ವೇಯಲ್ಲಿ ಇಳಿಯುವುದು ಎಟಿಆರ್‌ನಂಥ ಸಣ್ಣ ವಿಮಾನ.

ಎಂಜಿನ್ ವಿಷಯ. ಎರಡು ಎಂಜಿನ್‌ನಲ್ಲಿ ಒಂದು ನಿಂತರೂ ಇನ್ನೊಂದರಲ್ಲೇ ಹಾರಿ ಮುಟ್ಟುವಷ್ಟು ಹತ್ತಿರ ಒಂದು ನಿಲ್ದಾಣ ಇರುವ ಹಾಗೆಯೇ ದಾರಿ ಹಾಕುತ್ತಾರೆ. ಈ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಎಂಜಿನ್ ತೊಂದರೆ ಬಂದು ರಷ್ಯಾದ ಮಗದಾನ್‌ನಲ್ಲಿ ಇಳಿದದ್ದು ಓದಿರಬಹುದು. ಎಲ್ಲರೂ ಸುಖವಾಗಿ ಇಳಿದರು. ಆಮೇಲೆ ಇನ್ನೊಂದು ವಿಮಾನ ಬಂದು ಕರೆದುಕೊಂಡು ಹೋಯಿತು.

---

ವಿರಾಜಪೇಟೆ ಬಾವ | 5 ನವೆಂಬರ್, ರಾತ್ರಿ 8.00

ಆ ಬಾವ ನಾನೇ. ಎಲ್ಲರೂ ಆಕಾಶದ ಲೆಕ್ಕವನ್ನೇ ಹಾಕುತ್ತಿದ್ದೀರಿ. ನೆಲದ ಲೆಕ್ಕ ಹಾಕಿ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿದರೆ ಮಟ್ಟನ್ನೂರು, ಕಣ್ಣೂರು ನಿಲ್ದಾಣ ಇರುವುದು ಅಲ್ಲೇ. ಸುಮಾರು 60 ಕಿಲೋಮೀಟರ್, ಎರಡು ಗಂಟೆ. 2018ರ ಡಿಸೆಂಬರ್ 9ಕ್ಕೆ ನಿಲ್ದಾಣ ಶುರುವಾದ ದಿನದಿಂದ ನಾನು ಕೊಲ್ಲಿಗೆ ಹೋಗುವುದು ಅಲ್ಲಿಂದಲೇ. ಅಬುಧಾಬಿಗೆ 2,600 ಕಿಲೋಮೀಟರ್, ನಾಲ್ಕು ಗಂಟೆ. ಅಲ್ಲಿಂದ ಅಮೆರಿಕಕ್ಕೆ ವಿಮಾನ ಇಲ್ಲವಾ? ಅವ್ವನನ್ನು ಬೆಂಗಳೂರಿನ ತನಕ 300 ಕಿಲೋಮೀಟರ್ ಕುಲುಕಿಸಿಕೊಂಡು ಹೋಗುವುದು ಯಾಕೆ?

---

ಗೋಣಿಕೊಪ್ಪ ಟಿಕೆಟ್ | 6 ನವೆಂಬರ್, ಬೆಳಗ್ಗೆ 10.20

ಬಾವನವರು ಹೇಳಿದ್ದು ಕೊಲ್ಲಿಗೆ ಹೋಗುವವರಿಗೆ ನೂರಕ್ಕೆ ನೂರು ಸರಿ. ಅಮೆರಿಕಕ್ಕೆ ಹೊಂದುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಇಪ್ಪತ್ತು ವರ್ಷದಿಂದ ಇದೇ ಕಸುಬು.

ಕಣ್ಣೂರಿಗೆ ವಿದೇಶಿ ಕಂಪನಿಗಳು ಬರಲು ಅನುಮತಿ ಸಿಕ್ಕಿಲ್ಲ. ನಮ್ಮ ದೇಶದ ಕಂಪನಿಗಳು ಮಾತ್ರ. ಹಾಗಾಗಿ ಕಣ್ಣೂರಿನಿಂದ ಕೊಲ್ಲಿಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್, ಹೀಗೆ ತುಂಡು ತುಂಡಾಗಿ ಮಾಡಬೇಕಾಗುತ್ತದೆ. ಅದರ ಕಷ್ಟ ಏನು? ಸೂಟ್‌ಕೇಸ್ ನೇರ ಹೋಗುವುದಿಲ್ಲ. ಕೊಲ್ಲಿಯಲ್ಲಿ ಇಮಿಗ್ರೇಷನ್ ದಾಟಿ ಹೊರಗೆ ಬಂದು, ಎತ್ತಿಕೊಂಡು, ಮತ್ತೆ ಚೆಕ್-ಇನ್ ಮಾಡಬೇಕು. ಹೊರಗೆ ಬರಲು ಅಲ್ಲಿಯ ವೀಸಾ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ದುಡ್ಡು ಹೋಯಿತು. ಎರಡನೇ ಕಂಪನಿಗೆ ನೀವು ಬಾರದ ಪ್ರಯಾಣಿಕ ಅಷ್ಟೇ. 76 ವರ್ಷದವರನ್ನು ಇದಕ್ಕೆ ಸಿಕ್ಕಿಸಬೇಡಿ. ಮೂರು ನಾಲ್ಕು ಸಾವಿರ ಉಳಿಸಲು ಹೋಗಿ ಅಳುತ್ತಾ ನನ್ನ ಅಂಗಡಿಗೆ ಬಂದವರನ್ನು ನೋಡಿದ್ದೇನೆ.

ಬೆಂಗಳೂರಿನಿಂದ ಒಂದೇ ಟಿಕೆಟ್‌ನಲ್ಲಿ ಹೋಗುವ ದಾರಿಗಳು ಹೀಗಿವೆ. ದುಬೈ ಮೇಲೆ 2,700 ಮತ್ತು 13,020, ಒಟ್ಟು 15,700 ಕಿಲೋಮೀಟರ್ ಸುಮಾರು. ಫ್ರಾಂಕ್‌ಫರ್ಟ್ ಮೇಲೆ 7,400 ಮತ್ತು 9,150, ಒಟ್ಟು 16,550. ಸಿಂಗಪುರ ಮೇಲೆ 16,750ರ ಹತ್ತಿರ. ನೇರಕ್ಕೆ ಹೋಲಿಸಿದರೆ ದುಬೈ ದಾರಿ 1,700 ಮಾತ್ರ ಜಾಸ್ತಿ, ಅಂದರೆ ಹಾರಾಟದಲ್ಲಿ ಎರಡು ಗಂಟೆ. ಆದರೆ ನೀವು ನೋಡಿದ 22 ಗಂಟೆಯಲ್ಲಿ ಉಳಿದದ್ದು ಕಾಯುವ ಹೊತ್ತು.

ಮಂಡಿ ನೋವಿನವರಿಗೆ ನನ್ನ ಅಭಿಪ್ರಾಯ ಬೇರೆ. ದುಬೈ ದಾರಿಯಲ್ಲೂ ಎರಡನೇ ಹಾರಾಟ ಹದಿನಾರು ಗಂಟೆಯ ಹತ್ತಿರ ಇದೆ. ಅಂದರೆ ಉದ್ದ ಕೂರುವುದು ತಪ್ಪಲಿಲ್ಲ, ಮೇಲೊಂದು ಹತ್ತಿ ಇಳಿಯುವುದು ಸೇರಿತು. ನಡುವೆ ಕಾಲು ಚಾಚಬೇಕು ಅನ್ನುವವರಿಗೆ ಫ್ರಾಂಕ್‌ಫರ್ಟ್ ಒಳ್ಳೆಯದು, ಹತ್ತು ಹನ್ನೊಂದು ಗಂಟೆಯ ಎರಡು ಪಾಲು. ಇಲ್ಲವೇ ನೇರ ವಿಮಾನ.

ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಹೇಳಿ. ಅದಕ್ಕೆ ದುಡ್ಡಿಲ್ಲ. ಮತ್ತೆ ಸೆಪ್ಟೆಂಬರ್ 12ರಿಂದ ಬೆಂಗಳೂರಿನಲ್ಲಿ ಹೊರದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಹೋಗಿವೆ. ಹಳೇ ಅಭ್ಯಾಸದ ಡ್ರೈವರ್ ಒಂದನೆಯದಕ್ಕೆ ಬಿಟ್ಟಾನು.

---

ವಿರಾಜಪೇಟೆ ಬಾವ | 6 ನವೆಂಬರ್, ಬೆಳಗ್ಗೆ 11.00

ಸರಿ ಸರಿ, ಸೋತೆ. ಆದರೆ ಒಂದು ದಿನ ಕಣ್ಣೂರಿಗೂ ದೊಡ್ಡ ವಿಮಾನ ಬರುತ್ತದೆ, ಆಗ ಮಾತಾಡುವಾ.

---

ಸಂಪಾಜೆ ಘಾಟಿ | 6 ನವೆಂಬರ್, ಮಧ್ಯಾಹ್ನ 12.30

ಬಾವನವರೇ, ಮಾಕುಟ್ಟ ಎರಡು ಗಂಟೆ ಅನ್ನುವುದು ಬೇಸಿಗೆ ಲೆಕ್ಕ. 2018ರ ಜೂನ್‌ನಲ್ಲಿ ಗುಡ್ಡ ಜರಿದು ಆ ರಸ್ತೆ ಮುಚ್ಚಿತ್ತು. ಆಗಸ್ಟ್‌ನಲ್ಲಿ ನಮ್ಮ ಮಡಿಕೇರಿ ಸಂಪಾಜೆ ರಸ್ತೆಯೇ ಹೋಯಿತು. ಆ ವರ್ಷ ನನ್ನ ಅಣ್ಣನಿಗೆ ಮಂಗಳೂರಿನಿಂದ ವಿಮಾನ ಇತ್ತು ಮಾರಾಯ್ರೆ. ದಿನಾ ಓಡಾಡುವ ದಾರಿ ಇಲ್ಲ. ಹಾಸನದ ಕಡೆ ಸುತ್ತಿ, ಘಟ್ಟದಲ್ಲಿ ಅಲ್ಲೂ ತಡೆ, ಕೊನೆಗೆ ಟಿಕೆಟ್ ಬಿಟ್ಟುಕೊಟ್ಟ. ಬಜ್ಪೆಯಿಂದ ದುಬೈ ಮೂರೂವರೆ ನಾಲ್ಕು ಗಂಟೆ. ಅವನು ಬಜ್ಪೆ ಮುಟ್ಟಲೇ ಇಲ್ಲ.

ರೈಲು ಇಲ್ಲ, ವಿಮಾನ ಇಲ್ಲ. ಕೊಡಗಿನವನು ಎಲ್ಲಿಗೆ ಹೋಗಬೇಕಾದರೂ ಮೊದಲು ಘಾಟಿ ಇಳಿಯಬೇಕು, ಇಲ್ಲವೇ ಆನೆಗೆ ದಾರಿ ಬಿಡಬೇಕು.

---

ಕುಟ್ಟದವಳು | 6 ನವೆಂಬರ್, ಮಧ್ಯಾಹ್ನ 12.50

ನಮಗೆ ಅದರ ಮೇಲೆ ಗೇಟು. ನಾಗರಹೊಳೆ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ. ಬೆಳಗಿನ ವಿಮಾನಕ್ಕೆ ರಾತ್ರಿ ಹೊರಟರೆ ಶ್ರೀಮಂಗಲ, ಗೋಣಿಕೊಪ್ಪ, ತಿತಿಮತಿ ಸುತ್ತಿಯೇ ಹುಣಸೂರು ಸೇರಬೇಕು.

---

ದಾದಿ, ಮಡಿಕೇರಿ | 6 ನವೆಂಬರ್, ಸಂಜೆ 7.15

ಅವ್ವನ ವಿಷಯಕ್ಕೆ ಬರುತ್ತೇನೆ. ನಾಲ್ಕು ಗಂಟೆಗಿಂತ ಜಾಸ್ತಿ ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ವಯಸ್ಸಾದವರಿಗೆ, ಇತ್ತೀಚೆಗೆ ಆಪರೇಷನ್ ಆದವರಿಗೆ ಜಾಸ್ತಿ. ನಡೆಯುವ ದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ಎಚ್ಚರ ಇದ್ದಾಗ ಗಂಟೆಗೊಮ್ಮೆ ಎಬ್ಬಿಸಿ ನಡೆಸಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಲಿ. ನೀರು ಕುಡಿಯಲಿ. ಬಾತ್‌ರೂಮಿಗೆ ಏಳಬೇಕಲ್ಲ ಅಂತ ಹಿರಿಯರು ನೀರೇ ಬಿಡುತ್ತಾರೆ, ಅದು ತಪ್ಪು. ಬಿಗಿ ಕಾಲುಚೀಲ ಬೇಕಾ ಅಂತ ಡಾಕ್ಟರನ್ನು ಕೇಳಿ.

ಮಾತ್ರೆ ಎಲ್ಲವೂ ಕೈಚೀಲದಲ್ಲಿ, ಡಾಕ್ಟರ್ ಚೀಟಿಯ ಜೊತೆ. ಬಿಪಿ, ಸಕ್ಕರೆ ಮಾತ್ರೆ ಇದ್ದರೆ ಹೊಸ ಊರಿನ ಗಂಟೆಗೆ ಹೇಗೆ ಬದಲಿಸುವುದು ಅಂತ ಇಲ್ಲೇ ಬರೆಸಿಕೊಳ್ಳಿ. "ರಾತ್ರಿ ಮಾತ್ರೆ" ಅಂದರೆ ಯಾವ ಊರಿನ ರಾತ್ರಿ?

---

ಸುಂಟಿಕೊಪ್ಪ ಹುಡುಗ | 6 ನವೆಂಬರ್, ರಾತ್ರಿ 8.30

ಪಂದಿಕರಿ ಡಬ್ಬಿ ಕಟ್ಟಿಕೊಂಡು ಹೋಗಬಹುದಾ?

---

ಕುಶಾಲನಗರದಿಂದ ಬೇ ಏರಿಯಾ | 6 ನವೆಂಬರ್, ರಾತ್ರಿ 9.00

ಬೇಡಪ್ಪ! ಇಲ್ಲಿ ಮಾಂಸ ಬಿಡುವುದಿಲ್ಲ. ಅಕ್ಕಿಯೂ ಬೇಡ, ಹುಳದ ಭಯಕ್ಕೆ ನಮ್ಮ ಕಡೆಯ ಅಕ್ಕಿ ತಡೆಯುತ್ತಾರೆ. ಕಡಂಬುಟ್ಟಿನ ಅಕ್ಕಿ ತರಿ ತಂದು ಕಸದ ಬುಟ್ಟಿಗೆ ಹಾಕಿಸಿಕೊಂಡ ಅನುಭವ ನನ್ನದೇ. ಕಾಫಿ ಪುಡಿ, ಕರಿಮೆಣಸು ತನ್ನಿ. ಕಾಚಂಪುಳಿ (ಅಡುಗೆಯ ಹುಳಿರಸ) ದೊಡ್ಡ ಸೂಟ್‌ಕೇಸ್‌ನಲ್ಲಿ, ಎರಡು ಕವರ್ ಸುತ್ತಿ. ತಂದದ್ದನ್ನೆಲ್ಲ ಕಸ್ಟಮ್ಸ್‌ನವರಿಗೆ ಹೇಳಿ.

---

ಸೋಮವಾರಪೇಟೆ ಮೇಷ್ಟ್ರು | 6 ನವೆಂಬರ್, ರಾತ್ರಿ 9.20

ಊಟಕ್ಕೆ ಹೋದ ಮಾತು ವಾಪಸ್ ಬರಲಿ. ನಾಪೋಕ್ಲಿನವರ ಬರುವ ಟಿಕೆಟ್‌ನಲ್ಲಿ ಭಾನುವಾರ ಎಲ್ಲಿ ಹೋಯಿತು ಅಂತ ಯಾರೂ ಕೇಳಲಿಲ್ಲ. ಶನಿವಾರ ರಾತ್ರಿ ಹತ್ತಿ ಸೋಮವಾರ ಇಳಿಯುತ್ತಾರೆ. ಅವರು ಹೊರಡುವ ಶನಿವಾರ ರಾತ್ರಿ 8.30 ನಮ್ಮಲ್ಲಿ ಆಗಲೇ ಭಾನುವಾರ ಬೆಳಗ್ಗೆ 10. ಇಡೀ ಭಾನುವಾರ ಆಕಾಶದಲ್ಲೇ ಕರಗಿತು.

---

ಕಕ್ಕಬ್ಬೆ ಜೇನು | 7 ನವೆಂಬರ್, ಬೆಳಗ್ಗೆ 7.40

ಮೇಷ್ಟ್ರು ಹೇಳಿದ್ದು ನಮ್ಮ ಮನೆಯಲ್ಲಿ ನಡೆದು ಹೋಗಿದೆ. ಹೋದ ವರ್ಷ ನಮ್ಮ ಸುಗ್ಗಿ ಹಬ್ಬ ಪುತ್ತರಿ ಬುಧವಾರ ಬಂದಿತ್ತು. ಅಕ್ಕನ ಮಗ ಅಮೆರಿಕದಿಂದ ಸರ್‌ಪ್ರೈಸ್ ಕೊಡಬೇಕು ಅಂತ ಯಾರಿಗೂ ಹೇಳದೆ ಸೋಮವಾರ ರಾತ್ರಿಯ ಟಿಕೆಟ್ ಮಾಡಿದ. ಒಂದು ದಿನದ ದಾರಿ, ಮಂಗಳವಾರ ರಾತ್ರಿ ಇಳಿಯುತ್ತೇನೆ, ಬುಧವಾರ ಮಧ್ಯಾಹ್ನ ಮನೆ ಅಂತ ಅವನ ಲೆಕ್ಕ. ನಡುವೆ ಒಂದು ಕಡೆ ವಿಮಾನ ಬದಲಿಸಬೇಕಿತ್ತು. ಬೆಂಗಳೂರಿಗೆ ಇಳಿದದ್ದು ಬುಧವಾರ ಸಂಜೆ. ನಾವು ಗದ್ದೆಯಲ್ಲಿ "ಪೊಲಿ ಪೊಲಿ ದೇವಾ" ಅಂತ ಕೂಗಿ ಕದಿರು ತೆಗೆಯುವಾಗ ಅವನು ಮಂಡ್ಯದ ಹತ್ತಿರ ಟ್ಯಾಕ್ಸಿಯಲ್ಲಿದ್ದ. ರಾತ್ರಿ ಎರಡಕ್ಕೆ ಬಂದ. ಅಕ್ಕ ಬೈಯುತ್ತಲೇ ತಂಬಿಟ್ಟು ಬಡಿಸಿದಳು.

ಹಬ್ಬಕ್ಕೆ ಬರುವ ಮಕ್ಕಳಿಗೆ ಹೇಳಿಡಿ. ಅಲ್ಲಿಂದ ಹೊರಟ ದಿನಕ್ಕೆ ಎರಡು ಸೇರಿಸಿ, ಅದು ಇಳಿಯುವ ದಿನ. ಘಾಟಿಗೆ ಅರ್ಧ ದಿನ ಬೇರೆ.

---

ನಾಪೋಕ್ಲು ತೋಟ | 7 ನವೆಂಬರ್, ರಾತ್ರಿ 8.45

ಎಲ್ಲರಿಗೂ ಉಪಕಾರ ಆಯಿತು. ನೇರ ವಿಮಾನವನ್ನೇ ಗೋಣಿಕೊಪ್ಪದಲ್ಲಿ ಬುಕ್ ಮಾಡಿದೆ. ಗಾಲಿಕುರ್ಚಿಯೂ ಹೇಳಿ ಆಯಿತು. ಹೋಗಿ ಬಂದ ಮೇಲೆ ಬರೆಯುತ್ತೇನೆ.

---

ನಾಪೋಕ್ಲು ತೋಟ | 9 ಜನವರಿ 2024, ಬೆಳಗ್ಗೆ 11.20

ಮುಟ್ಟಿದೆವು. ಬರೆಯುತ್ತೇನೆ ಅಂದಿದ್ದೆ, ಇಲ್ಲಿಂದಲೇ ಬರೆಯುತ್ತಿದ್ದೇನೆ.

ಅವ್ವ ತನ್ನ ಹಳೇ ಎಚ್‌ಎಂಟಿ ವಾಚಿಗೆ ಮನೆಯಲ್ಲೇ ಕೀ ಕೊಟ್ಟು ಕಟ್ಟಿಕೊಂಡು ಬಂದರು. ದಾರಿಯಲ್ಲಿ ಯಾರು ಏನೇ ಹೇಳಿದರೂ ಮುಳ್ಳು ತಿರುಗಿಸಲಿಲ್ಲ. ಹಾಗಾಗಿ ನನಗೆ ಸರಿಯಾದ ಲೆಕ್ಕ ಸಿಕ್ಕಿತು. ಇದೆಲ್ಲ ಅವ್ವನ ವಾಚಿನ ಗಂಟೆ.

ನಾಪೋಕ್ಲು ಬಿಟ್ಟದ್ದು ರಾತ್ರಿ 1.30ಕ್ಕೆ. ಮೂರ್ನಾಡು, ಮಡಿಕೇರಿ, ಕುಶಾಲನಗರ ದಾಟುವ ತನಕ ಮಂಜು. ಡ್ರೈವರ್ ಮೂವತ್ತರ ಮೇಲೆ ಹೋಗಲಿಲ್ಲ. ಮೈಸೂರು ದಾಟಿ ಹೊಸ ಹೆದ್ದಾರಿ ಹತ್ತಿದ ಮೇಲೆ ಸರಾಗ. ಬಿಡದಿಯಲ್ಲಿ ತಟ್ಟೆ ಇಡ್ಲಿ. ಬೆಂಗಳೂರಿನ ಒಳಗೆ ಸಿಕ್ಕಿಕೊಂಡು ನಿಲ್ದಾಣ ಮುಟ್ಟಿದ್ದು 9.20. ಎರಡನೇ ಟರ್ಮಿನಲ್‌ನೊಳಗೆ ಗಿಡಗಳನ್ನು ತೂಗುಹಾಕಿದ್ದಾರೆ. ಅವ್ವ ಕುರ್ಚಿಯಲ್ಲಿ ಕೂತು, "ಇದಕ್ಕೆಲ್ಲ ನೀರು ಹಾಕೋದು ಯಾರು?" ಅಂತ ತಳ್ಳುವ ಹುಡುಗನನ್ನು ಕೇಳಿದರು.

ವಿಮಾನ ಜಾಗ ಬಿಟ್ಟದ್ದು 2.40. ಎದುರಿನ ಪರದೆಯಲ್ಲಿ ನಕ್ಷೆ ಬರುತ್ತಿತ್ತು. ವಾಯುಪಡೆಯ ಸರ್ ಹೇಳಿದ ಹಾಗೆಯೇ ಪೂರ್ವಕ್ಕೆ ತಿರುಗಿತು. ಪೆಸಿಫಿಕ್ ಮೇಲೆ ನೆಲದ ವೇಗ ಗಂಟೆಗೆ 1,100 ತೋರಿಸಿದಾಗ ನಾನು ಫೋಟೋ ತೆಗೆದೆ. ಬೇಗ ಕತ್ತಲಾಯಿತು, ಬೇಗ ಬೆಳಕೂ ಆಯಿತು. ಅವ್ವ ಗಂಟೆಗೊಮ್ಮೆ ನಡೆದರು. ಹಿಂದೆ ಪರಿಚಾರಿಕೆಯರು ನಿಲ್ಲುವಲ್ಲಿಗೆ ಹೋಗಿ ಮರಿಮಗುವಿನ ಫೋಟೋ ತೋರಿಸಿ ಬಂದರು, ನಾಲ್ಕು ಸಲ.

ಅಲ್ಲಿ ನಿಂತದ್ದು ಬೆಳಗ್ಗೆ 6.05. ಹದಿನೈದು ಗಂಟೆ ಇಪ್ಪತ್ತೈದು ನಿಮಿಷ. ಹೊರಗೆ ಸಂಜೆ 4.35. ಇಮಿಗ್ರೇಷನ್, ಸೂಟ್‌ಕೇಸ್ ಆಗುವಾಗ 7.25. ಸ್ಯಾನ್ ಹೋಸೆ 50 ಕಿಲೋಮೀಟರ್, ಆಫೀಸು ಬಿಡುವ ಹೊತ್ತು, ಕಾರುಗಳ ಸಾಲು. ಮಗಳ ಮನೆಯ ಬಾಗಿಲು 8.40.

ನಮ್ಮ ಗೇಟಿನಿಂದ ಅವಳ ಬಾಗಿಲಿಗೆ 31 ಗಂಟೆ 10 ನಿಮಿಷ. ಅದರಲ್ಲಿ ವಿಮಾನದ್ದು ಅರ್ಧ. 14,000 ಕಿಲೋಮೀಟರಿಗೆ ಅರ್ಧ, ಉಳಿದ 350 ಕಿಲೋಮೀಟರಿಗೆ ಮತ್ತು ಸಾಲುಗಳಿಗೆ ಇನ್ನರ್ಧ. ಬಾವ, ನೆಲದ ಲೆಕ್ಕದ ವಿಷಯದಲ್ಲಿ ನೀವು ಹೇಳಿದ್ದು ಸುಳ್ಳಲ್ಲ.

ಒಳಗೆ ಹೋದ ಕೂಡಲೇ ಮಗುವನ್ನು ಎತ್ತಿಕೊಂಡರು. ಆಮೇಲೆ ವಾಚು ನೋಡಿ, ಗಂಟೆ ಒಂಬತ್ತಾಯಿತಲ್ಲ, ಇನ್ನೂ ಕಾಫಿ ಇಲ್ಲವಾ ಅಂದರು. ಹೊರಗೆ ರಾತ್ರಿ. ಮಗಳು ಮಾತಾಡದೆ ಅಕ್ಕಿ ರೊಟ್ಟಿ ತಟ್ಟಿದಳು.

---

ಸೋಮವಾರಪೇಟೆ ಮೇಷ್ಟ್ರು | 9 ಜನವರಿ, ಮಧ್ಯಾಹ್ನ 12.05

ಬಹಳ ಸಂತೋಷ. ವಾಚು ಈಗಲಾದರೂ ತಿರುಗಿಸಿದರಾ?

---

ನಾಪೋಕ್ಲು ತೋಟ | 9 ಜನವರಿ, ಮಧ್ಯಾಹ್ನ 12.15

ಇಲ್ಲ ಮೇಷ್ಟ್ರೇ. ತೋಟಕ್ಕೆ ಕೊಯ್ಲಿನವರು ಬರುವ ಹೊತ್ತು ಗೊತ್ತಾಗಬೇಕಂತೆ. ತಮ್ಮನಿಗೆ ದಿನಾ ಸರಿಯಾಗಿ ಎಂಟಕ್ಕೆ ಫೋನ್ ಮಾಡುತ್ತಿದ್ದಾರೆ.